ಏಳುನೂರನೆಯ ಹಕ್ಕಿ

ಐಸ್ ಹುಡುಕುತ್ತ ಅಡುಗೆಮನೆಯ ಹಿಂದಿದ್ದ ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿದ ಮಾರ್ಲಿಸ್‌ಗೆ ಮೊದಲು ಕಂಡದ್ದು ಜೋಳದ ಹಿಟ್ಟಿನ ಕಡುಬಿನಂಥ ತಮಾಲೆಗಳ ಕಟ್ಟು, ಅದರ ಪಕ್ಕ ಸುಟ್ಟ ಮೆಣಸಿನಕಾಯಿಯ ಚೀಲ, ಅದರಡಿ ಹಕ್ಕಿ. ತೆಳು ಪ್ಲಾಸ್ಟಿಕ್ಕಿನೊಳಗೆ ಅಂಗಾತ ಮಲಗಿತ್ತು. ಇಟ್ಟಿಗೆ ಬಣ್ಣದ ಎದೆ, ಗಂಟಲಲ್ಲಿ ಕಪ್ಪು ಗೀರುಗಳು, ಕೊಕ್ಕಿನ ಮೇಲೆ ಹಿಮದ ಪುಡಿ. ಉಳಿದ ಚೀಲಗಳ ಮೇಲಿದ್ದಂತೆ ಇದರ ಮೇಲೂ ನೀಲಿ ಶಾಯಿಯಲ್ಲಿ ತಾರೀಕು: ಜನವರಿ ಒಂಬತ್ತು.

ಅಂದು ಹದಿನೈದು.

ಕಿಟಕಿಯಾಚೆ ಅಂಗಳದಲ್ಲಿ ಅವಳ ಗಂಡ ಹಾರ್ಲನ್, ಊದಿದ ಮೊಣಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಕೆಂಪು ಹಣ್ಣಿನ ಪೊದೆಯನ್ನೇ ದಿಟ್ಟಿಸುತ್ತಿದ್ದ. ಮಿನೆಸೋಟದ ಹಿಮದಿಂದ ಮೂರು ದಿನ ಕಾರು ಓಡಿಸಿಕೊಂಡು ಅರಿಜೋನದ ಈ ಮೂಲೆಗೆ ಬಂದದ್ದು ಇದೇ ಹಕ್ಕಿಗಾಗಿ. ಮೆಕ್ಸಿಕೋದಿಂದ ದಾರಿ ತಪ್ಪಿ ಗಡಿ ದಾಟಿದ ರಾಬಿನ್. ಅವನು ಕಣ್ಣಾರೆ ಕಂಡು ಬರೆದಿಟ್ಟ ಪಟ್ಟಿಯಲ್ಲಿ ಆರುನೂರ ತೊಂಬತ್ತೊಂಬತ್ತು ಜಾತಿಯ ಹಕ್ಕಿಗಳಿದ್ದವು. ನಿನ್ನೆ ಬಂದಿಳಿದಾಗ ಮನೆಯೊಡತಿ ಯುಲಾಲಿಯಾ, "ಅಯ್ಯೋ, ಈಗ್ತಾನೆ ಬಂದು ಹೋಯ್ತಲ್ಲ," ಎಂದಿದ್ದಳು.

ಹಾರ್ಲನ್ ಪಕ್ಕದಲ್ಲಿ ಯುಲಾಲಿಯಾಳ ಗಂಡ ರೆಫ್ಯೂಹಿಯೊ ಕೂತಿದ್ದ. ನುಣ್ಣನೆ ಕ್ಷೌರ, ಇಸ್ತ್ರಿ ಮಾಡಿದ ಅಂಗಿ, ಬಿಳಿ ಹ್ಯಾಟು. ಬಾಯಿಯ ಎಡಭಾಗ ತುಸು ಜೋತಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿತ್ತು.

"ಪಾಸ್‌ಪೋರ್ಟ್ ಇಲ್ದೆ ಬಂದಿದೆ ಪಾಪ," ಎನ್ನುತ್ತಿದ್ದ. "ಅದಕ್ಕೇ ಮುಖ ತೋರ್ಸಲ್ಲ."

"ನಿನ್ನೆಯಿಂದ ಹತ್ತು ಸಲ ಹೇಳಿದೀಯ ಇದನ್ನ."

"ನೀನು ನಗೋವರೆಗೂ ಹೇಳ್ತೀನಿ."

ಹಿಂದಿನಿಂದ ಕೈಯೊಂದು ಬಂದು ಫ್ರೀಜರಿನ ಮುಚ್ಚಳ ಹಾಕಿತು. ಯುಲಾಲಿಯಾ.

"ಐಸು ಅಡುಗೆಮನೆ ಫ್ರಿಜ್ಜಲ್ಲಿತ್ತು," ಎಂದಳು. ಆಮೇಲೆ ದನಿ ತಗ್ಗಿಸಿ, "ಕಿಟಕಿ ಗಾಜಿಗೆ ಬಡ್ಕೊಂಡ್ತು. ಹೂಳೋಣ ಅಂದ್ರೆ ಅಂಗಳದ ತುಂಬ ಹಕ್ಕಿ ನೋಡೋಕೆ ಬಂದ ನೀವುಗಳೇ."

"ಆರು ದಿನ ಆಯ್ತಲ್ರೀ!"

"ಲಕ್ವ ಹೊಡೆದ ಮೇಲೆ ಎಂಟು ತಿಂಗಳು ಹೊರಗೆ ಕಾಲಿಡ್ಲಿಲ್ಲ ಆ ಮನುಷ್ಯ. ಗಡ್ಡ ಎದೆಗೆ ಇಳಿದಿತ್ತು. ನನ್ನ ಹತ್ರಾನೂ ಮಾತಿಲ್ಲ. ಹಕ್ಕಿ ನೋಡೋಕೆ ಮೊದಲನೇ ಕಾರು ಬಂತು ನೋಡಿ, ಆವತ್ತು ತಾನೇ ಕೂಗಿ ರೇಜರ್ ಕೇಳಿದ." ಅವಳು ಅಡುಗೆಮನೆಗೆ ನಡೆದು, ಫ್ರಿಜ್ಜಿನ ಐಸ್ ತುಂಡುಗಳನ್ನು ಟವೆಲಿಗೆ ಸುರಿದು ಗಂಟು ಹಾಕಿದಳು. "ಹಕ್ಕಿ ಸತ್ತೋಯ್ತು ಅಂದ್ರೆ ನಾಳೆ ಯಾರು ಬರ್ತಾರೆ? ನೀವೇ ಹೇಳಿ."

ಮಾರ್ಲಿಸ್ ಆ ಗಂಟನ್ನು ತೆಗೆದುಕೊಂಡಳು. ಹೋಗಿ ಗಂಡನ ಮೊಣಕಾಲಿಗೆ ಐಸ್ ಇಟ್ಟಳು.

ಸಂಜೆ ಮೋಟೆಲಿಗೆ ಮರಳುವಾಗ ಅವನಿಗೆ ಎಲ್ಲ ಹೇಳಿದಳು. ಹಾರ್ಲನ್ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ಎರಡು ದಿನ, ಮಾರ್ಲಿಸ್! ಎರಡು ದಿನ ಆ ಮುದುಕನ ಹಳಸಲು ಜೋಕು ಕೇಳ್ಕೊಂಡು ಕೂತಿದ್ದೆ."

"ನೀನೂ ಎರಡು ಹೇಳ್ದೆ. ನನಗೆ ಕೇಳಿಸ್ತು."

"ಎಲ್ಲರಿಗೂ ತಿಳಿಸ್ಬೇಕು. ಸಾವಿರ ಮೈಲಿ ಓಡಿಸ್ಕೊಂಡು ಬರ್ತಾರೆ ಜನ, ನಮ್ಮ ಹಾಗೆ."

"ತಿಳಿಸು. ನಾನು ಬೇಡ ಅಂದ್ನಾ?"

ಅಲ್ಲೇ, ಬೆಳಕು ಆರುವ ಮುಂಚೆ, ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಹಕ್ಕಿ ನೋಡುವವರ ಗುಂಪಿಗೆ ಕಳಿಸಿದ: ರಾಬಿನ್ ಸತ್ತಿದೆ, ಯಾರೂ ಬರಬೇಡಿ.

ಬೆಳಿಗ್ಗೆ ಅವರು ಪೂರ್ವಕ್ಕೆ, ನ್ಯೂ ಮೆಕ್ಸಿಕೋ ಕಡೆಗೆ ಹೋಗಬೇಕಿತ್ತು. ಹಾರ್ಲನ್ ಕಾರನ್ನು ಪಶ್ಚಿಮಕ್ಕೆ, ಯುಲಾಲಿಯಾಳ ಮನೆಯತ್ತ ತಿರುಗಿಸಿದ.

ಗೇಟಿನ ಮುಂದೆ ಒಂದೂ ಕಾರಿರಲಿಲ್ಲ. ಅಂಗಳದಲ್ಲಿ ಏಳೆಂಟು ಕುರ್ಚಿಗಳು ಖಾಲಿ. ನಡುವೆ ರೆಫ್ಯೂಹಿಯೊ, ಕೆನ್ನೆಯ ಮೇಲೆ ಹೊಸದೊಂದು ರೇಜರ್ ಗೀರು.

"ಇವತ್ತೇನು ಹಬ್ಬವಾ? ಒಬ್ರೂ ಇಲ್ಲ," ಎಂದ.

ಹಾರ್ಲನ್ ಪಕ್ಕದಲ್ಲಿ ಕೂತ. "ಹಕ್ಕಿ ಸತ್ತೋಯ್ತು, ರೆಫ್ಯೂಹಿಯೊ. ನಾನೇ ಎಲ್ಲರಿಗೂ ತಿಳಿಸಿದೆ."

ರೆಫ್ಯೂಹಿಯೊ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ. ಪೊದೆಯ ಕಡೆ ನೋಡಿದ. ಆಮೇಲೆ ಅಡುಗೆಮನೆಯ ಕಿಟಕಿಯತ್ತ ಕತ್ತು ತಿರುಗಿಸಿ, ಮೆಲ್ಲಗೆ, "ಅವಳಿಗೆ ಹೇಳ್ಬೇಡ ಕಣಪ್ಪ," ಎಂದ. "ಬರೋರಿಗೆ ಅಂತ ನಲವತ್ತು ತಮಾಲೆ ಬೇಯಿಸ್ತಾ ಇದಾಳೆ. ಪಾಪ, ತಡ್ಕೊಳಲ್ಲ ಅವಳು."

"ಇಲ್ಲ. ಹೇಳಲ್ಲ."

ಬೇಲಿಯ ಬಳಿ ಮುಳ್ಳುಕಳ್ಳಿಯೊಳಗಿನಿಂದ ಹಳೆಯ ಕಾರು ಸ್ಟಾರ್ಟ್ ಆಗದೆ ಗೊರಗುಟ್ಟುವಂಥ ಸದ್ದು ಬಂತು.

"ಅದ್ಯಾವುದು?" ಹಾರ್ಲನ್ ಕೇಳಿದ. ಅವನಿಗೆ ಗೊತ್ತಿತ್ತು. ಕಳ್ಳಿಗುಬ್ಬಿ, ತೊಂಬತ್ನಾಲ್ಕನೇ ಇಸವಿಯಲ್ಲೇ ಪಟ್ಟಿಗೆ ಸೇರಿಸಿದ್ದ. ಆಮೇಲೆ ತಿರುಗಿ ನೋಡಿರಲಿಲ್ಲ.

"ಅದಾ? ಅದು ಇಲ್ಲೀದೇ. ಬಾಯಿಬಡುಕ. ಚಳಿಗಾಲದಲ್ಲಿ ಮಲಗೋಕೂ ಗೂಡು ಕಟ್ತದೆ, ಸೋಮಾರಿಯಲ್ಲ ನಮ್ಮ ಹಾಗೆ."

"ಎಲ್ಲಿ? ನನಗೆ ಕಾಣ್ತಿಲ್ಲ."

"ಕಣ್ಣಲ್ಲಿ ಏನಿಟ್ಕೊಂಡಿದೀಯೋ ಮಾರಾಯ! ಕೊಡಿಲ್ಲಿ ಆ ಬೈನಾಕ್ಯುಲರ್."

ಒಂದು ಕೈಗೆ ಅದು ಭಾರವಾಯಿತು, ನಡುಗಿತು. ಹಾರ್ಲನ್ ಕುರ್ಚಿ ಎಳೆದುಕೊಂಡು ಎಡಬದಿಯನ್ನು ತಾನು ಹಿಡಿದ. ಇಬ್ಬರ ಭುಜಗಳು ತಾಗುತ್ತಿದ್ದವು. ಕಳ್ಳಿಯ ಮುಳ್ಳುಗಳ ನಡುವಿನ ಹುಲ್ಲಿನ ಉಂಡೆಯಂಥ ಗೂಡಿನ ಬಾಯಲ್ಲಿ ಚುಕ್ಕೆಚುಕ್ಕೆಯ ಎದೆಯೊಂದು ಕಾಣಿಸಿಕೊಂಡು, ಬಿಸಿಲಿಗೆ ಮೈ ಉಬ್ಬಿಸಿತು.

"ಅಲ್ಲಾಡಿಸ್ಬೇಡ," ರೆಫ್ಯೂಹಿಯೊ ಪಿಸುಗುಟ್ಟಿದ. "ಈಗ ಹೊರಗೆ ಬರ್ತದೆ."