ಕೆಲಸ ಒಪ್ಪುವ ಮೊದಲೇ ರಜೆಯ ಮಾತು

ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ ಬಂದು ಬುಟ್ಟಿ ಇಳಿಸಿದರೆ, ತಿಮ್ಮಕ್ಕನ ಸೊಂಟ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ಈಗ ಕಣ್ಣಿಗೂ ಪೊರೆ. ಬಂಗಡೆಯ ಕಿವಿರು ಕೆಂಪೋ ಕಪ್ಪೋ ಕಾಣುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿಯೇ ತಾಜಾ ಹೌದೋ ಅಲ್ಲವೋ ಹೇಳಬೇಕು.

ಬರುವ ಗುರುವಾರ ಕುಮಟಾದಲ್ಲಿ ಆಪರೇಷನ್. ಜೊತೆಗೊಬ್ಬರು ಬೇಕೇ ಬೇಕಂತೆ. ಇರುವವಳು ಮಗಳು ಸುಚಿತಾ ಒಬ್ಬಳೇ. ಅವಳಿಗೋ ಅಪ್ಸರಕೊಂಡದ ಹತ್ತಿರ ರೆಸಾರ್ಟೊಂದರಲ್ಲಿ ಮೊದಲ ಕೆಲಸ ಸಿಕ್ಕಿದೆ. ಅದೇ ವಾರದ ಸೋಮವಾರದಿಂದ ಬಾ ಎಂದಿದ್ದಾರೆ. ಒಪ್ಪಿಗೆ ಹೇಳಲು ನಾಳೆ ಫೋನ್ ಮಾಡಬೇಕು.

"ಮಳೆಗಾಲದಲ್ಲಿ ಬೋಟು ನಿಂತಾಗ ಆಪರೇಷನ್ ಮಾಡ್ಸಿದ್ರಾತು," ಎಂದಳು ತಿಮ್ಮಕ್ಕ.

"ಹೋದ ಮಳೆಗಾಲದಲ್ಲೂ ಹಿಂಗೇ ಅಂದಿದ್ದೆ. ನಾ ರಜೆ ಕೇಳ್ತೆ ಅಮ್ಮಾ."

"ಕಾಲಿಡೂಕೆ ಮುಂಚೆ ರಜೆ ಕೇಳ್ತಾರೇನೆ? ನಿನ್ನ ಬಿಟ್ಟು ಇನ್ನೊಬ್ಬಳನ್ನ ಕರೀತಾರೆ. ಅಷ್ಟು ಬೇಕಾದ್ರೆ ಬುಧವಾರ ಸಂಜೆ ಜ್ವರ ಅಂತ ಹೇಳು."

ಮೀನಿಗೆಂದು ಬಂದಿದ್ದ ಪಕ್ಕದ ಮನೆ ವಿನುತಾ ನಕ್ಕಳು. ಬಟ್ಟೆ ಅಂಗಡಿಯಲ್ಲಿ ದುಡಿದು ಹಳಬಳಾದವಳು. "ಜ್ವರದವಳು ಕುಮಟಾ ಬಸ್ಸಲ್ಲಿ ಕೂತ್ರೆ, ಅವಳು ಇಳಿಯೂಕೆ ಮೊದ್ಲೇ ಸುದ್ದಿ ರೆಸಾರ್ಟಲ್ಲಿ ಇಳೀತದೆ. ತಿಮ್ಮಕ್ಕಾ, ಗಿರಾಕಿ ಹತ್ರ ನೀ ರೇಟು ಮಾತಾಡೂದು ಮೀನು ಕತ್ತರಿಸೂಕೆ ಮೊದ್ಲೋ, ಆಮೇಲೋ?"

"ಮೊದ್ಲು. ಕತ್ತರಿಸಿದ್ಮೇಲೆ ಚೌಕಾಸಿ ಮಾಡಿದ್ರೆ ನಾ ಕಿವಿಗೇ ಹಾಕ್ಕಳೂದಿಲ್ಲ."

"ರೆಸಾರ್ಟಿನವ್ರೂ ಹಂಗೇ. ಈಗ ಅವ್ರಿಗೆ ಜನ ಬೇಕು, ಮಾತು ಕೇಳ್ತಾರೆ. ಸುಚಿತಾ, ಯಾವ ದಿನ, ಯಾಕೆ, ಬದಲಿಗೆ ನೀ ಎಂತ ಮಾಡ್ತೆ, ಎಲ್ಲಾ ಬಾಯಿಬಿಟ್ಟು ಹೇಳು. ವಾರಕ್ಕೊಂದು ರಜೆ ಕಾನೂನಲ್ಲೇ ಅದೆ."

ಮರುದಿನ ಸುಚಿತಾ ಮ್ಯಾನೇಜರ್ ಸಂತೋಷನಿಗೆ ಫೋನ್ ಮಾಡಿದಳು. "ಸರ್, ಕೆಲಸಕ್ಕೆ ಬರ್ತೇನೆ. ಗುರುವಾರ ಅಮ್ಮನ ಕಣ್ಣಿನ ಆಪರೇಷನ್. ಎರಡು ದಿನ ರಜೆ ಬೇಕು. ಶನಿವಾರ, ಭಾನುವಾರ ಜನ ಜಾಸ್ತಿ ಇದ್ದಾಗ ಬೇಕಾದ್ರೆ ಹೆಚ್ಚು ಹೊತ್ತು ನಿಲ್ತೇನೆ."

"ಸೇರೂಕೆ ಮೊದ್ಲೇ ರಜೆಯಾ? ಒಂದು ದಿನ ಆಗಬಹುದು."

ಸಾಕು, ಫೋನ್ ಇಡು ಎಂದು ತಿಮ್ಮಕ್ಕ ಕೈಸನ್ನೆ ಮಾಡಿದಳು. ಸುಚಿತಾ ಗೋಡೆಯ ಕಡೆ ತಿರುಗಿ ನಿಂತಳು.

"ಮಾರನೇ ದಿನ ಕಣ್ಣಿನ ಪಟ್ಟಿ ಬಿಚ್ಚೂಕೆ ಹೋಗ್ಬೇಕು ಸರ್. ನನ್ನ ವಾರದ ರಜೆ ಶುಕ್ರವಾರಕ್ಕೇ ಹಾಕಿ."

ಆ ಕಡೆ ಹಾಳೆ ಮಗುಚುವ ಸದ್ದು.

"ಆತು. ಗುರುವಾರದ ಪಗಾರ ಸಿಗೂದಿಲ್ಲ."

"ಆತು ಸರ್. ಇದನ್ನೇ ವಾಟ್ಸಾಪಲ್ಲಿ ಹಾಕ್ತೇನೆ, ಒಂದು ಓಕೆ ಅನ್ನಿ."

"ನೀ ನನ್ನ ಗಿರಾಕಿ ಆಗಿದ್ರೆ ಬುಟ್ಟಿ ಹತ್ರ ಬಿಡ್ತಿರಲಿಲ್ಲ," ಎಂದಳು ತಿಮ್ಮಕ್ಕ, ವಾಟ್ಸಾಪಲ್ಲಿ ಓಕೆ ಬಂದ ಮೇಲೆ ಮಗಳಿಗೆ. ಆಮೇಲೆ ಪೇಟೆಯಲ್ಲಿ ಪಕ್ಕ ಕೂರುವ ಗಣಪಿಗೆ ತಾನೇ ಹೇಳಿದಳು: "ಗುರುವಾರದಿಂದ ಕಣ್ಣು ಸರಿ ಆಗೂ ತನಕ ನಾ ಬರೂದಿಲ್ಲ. ನನ್ನ ಜಾಗ ನೋಡ್ಕೋ."

ಮೊದಲ ಕೆಲಸಕ್ಕೆ ಹೊರಟ ತಂಗಿಯರೇ, ತಮ್ಮಂದಿರೇ, ಹೂಂ ಅನ್ನುವ ಮೊದಲೇ ರಜೆಯ ಮಾತಾಡಿ. ಸುಳ್ಳು ಜ್ವರ ಬೇಡ. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. ಕೇಳದಿದ್ದರೆ ಸಿಗುವುದು ಕಷ್ಟ. ದುಡಿದು ದಣಿದ ಅಪ್ಪ ಅಮ್ಮಂದಿರೇ, ಮಕ್ಕಳು ಕೇಳುವಾಗ ಫೋನ್ ಇಡು ಎಂದು ಕೈಸನ್ನೆ ಮಾಡಬೇಡಿ.