ಅಮ್ಮನ ಪಾಲಿನ ಕಣ್ಣೀರು

ಫ್ಯಾನಿನ ಒಂದು ರೆಕ್ಕೆ ಕರಕರ ಅನ್ನುತ್ತಿದೆ, ಎಣ್ಣೆ ಬಿಟ್ಟು ಯಾವ ಕಾಲವಾಯಿತೋ, ಯಾರಿಗೂ ಕೇಳಿಸುತ್ತಿಲ್ಲವೇ, ಎಲ್ಲಿ ಕೇಳಿಸಬೇಕು, ಎಲ್ಲರ ಕಣ್ಣೂ ಅವಳ ಕಥೆಯ ಮೇಲೆ, ಎಲ್ಲರ ಕೈಯಲ್ಲೂ ಪೆನ್ಸಿಲು, ಅವಳ ಬಾಯಿಗೆ ಮಾತ್ರ ಬೀಗ — ಬರೆದವರು ತುಟಿ ಬಿಚ್ಚಬಾರದು ಎನ್ನುವುದು ಈ ಕಥಾ ಕಮ್ಮಟದ ಕಟ್ಟಳೆ, ಪುಸ್ತಕದ ಜೊತೆ ನೀವೂ ಮನೆಮನೆಗೆ ಹೋಗಿ ವಿವರಿಸ್ತೀರಾ, ಇಲ್ಲ ತಾನೇ, ಹಾಗಾದ್ರೆ ಈಗ್ಲೂ ಸುಮ್ನಿರಿ ಎಂದಿದ್ದರು ಮೇಷ್ಟ್ರು. ದಿನವಿಡೀ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಉಸಿರು ಹಿಡೀರಿ, ಅಲ್ಲಾಡ್ಬೇಡಿ, ಆಯ್ತು ಬಿಡಿ ಎಂದು ಕಂಡಕಂಡವರಿಗೆ ಹೇಳುವವಳು, ಈಗ ಸ್ವತಃ ಉಸಿರು ಹಿಡಿದು ಕೂತಿದ್ದಾಳೆ, ಆಯ್ತು ಬಿಡಿ ಎನ್ನುವ ಪುಣ್ಯಾತ್ಮರೇ ಇಲ್ಲ. ಕಮ್ಮಟಕ್ಕೆ ಬರುವ ವಕೀಲೆ ಪುಟ ಮಗುಚುತ್ತಾಳೆ, ಅಪ್ಪ ಸತ್ತಿದಾನೆ ಅಂತ ಗೊತ್ತಾಗುತ್ತೆ, ಅಮ್ಮ ಎದೆ ಬಡ್ಕೊಂಡು ಅಳ್ತಾಳೆ ಅಂತ್ಲೂ ಗೊತ್ತಾಗುತ್ತೆ, ಆದ್ರೆ ನಂಗೇನೂ ಆಗ್ಲಿಲ್ಲಪ್ಪ — ಆಹಾ, ನಿನಗೇನಾಗಬೇಕಿತ್ತು ತಾಯಿ, ಮೂರ್ಛೆಯೇ — ನಿವೃತ್ತ ಪೋಸ್ಟ್‌ಮಾಸ್ಟರು ಕನ್ನಡಕ ಹಣೆಗೇರಿಸಿ, ಬಕೆಟ್ಟುಗಟ್ಟಲೆ ಸುರಿದಿದೀರಮ್ಮ, ನನ್ನ ಕಾಲೇ ಒದ್ದೆ ಆಯ್ತು, ಎಲ್ಲರೂ ನಗುತ್ತಾರೆ, ಅವಳಿಗೂ ನಗು ಬಂದುಬಿಡುತ್ತದೆ, ಬೆನ್ನಲ್ಲೇ ಮೈಯೆಲ್ಲ ಉರಿ. ಸುರಿಯದೆ ಏನು ಮಾಡಬೇಕಿತ್ತು, ತನ್ನಪ್ಪ ಸತ್ತ ದಿನ ಅಡುಗೆಮನೆ ಬಾಗಿಲಲ್ಲಿ ಸೋದರತ್ತೆಯರು ಪಿಸುಗುಟ್ಟಿದ್ದು ಇವರಿಗೇನು ಗೊತ್ತು, ಗಂಡ ಸತ್ರೂ ಒಂದು ಹನಿ ಕಣ್ಣೀರು ಹಾಕ್ಲಿಲ್ವಲ್ಲೇ, ಕಲ್ಲು ಕಣೇ ಅವ್ಳು. ಆ ಮಾತು ಇಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು, ಅದಕ್ಕೇ ಕಥೆಯಲ್ಲಿ ಅಮ್ಮನಿಗೆ ಧಾರಾಳವಾಗಿ ಕಣ್ಣೀರು ಕೊಟ್ಟಳು, ಮೊದಲ ಕರಡಿನಲ್ಲಿ ಒಂದು ಸಾಲು, ಆಮೇಲಿನದರಲ್ಲಿ ಒಂದು ಪುಟ, ತಿದ್ದಿದಷ್ಟೂ ಅಮ್ಮ ಜೋರಾಗಿ ಅತ್ತಳು, ನೋಡಿ ಅತ್ತೆ, ಸಾಕಾ, ಇನ್ನೂ ಬೇಕಾ. ಅಮ್ಮನನ್ನು ಕಲ್ಲು ಅಂದವರ ಬಾಯಿ ಮುಚ್ಚಿಸಬೇಕು, ಅಷ್ಟೇ, ಬೇರೇನೂ ಬೇಡ, ಹೆಸರೂ ಬೇಡ ಬಹುಮಾನವೂ ಬೇಡ.

ಮೇಷ್ಟ್ರು ಕೆಮ್ಮುತ್ತಾರೆ, ಈ ಅಮ್ಮ ಅಳ್ತಿರೋದು ಯಾರಿಗೆ ತೋರ್ಸೋಕೆ, ಉತ್ರ ಹೇಳ್ಬೇಡಿ, ಮುಖ ಬಿಟ್ಬಿಡಿ, ಅವ್ಳ ಕೈ ನೋಡಿ, ಆಗ ಕೈ ಎಲ್ಲಿತ್ತು. ಕೈ. ಕೈ ಎಲ್ಲಿತ್ತು — ಅಪ್ಪನ ಅಂಗಿಯ ಮೇಲಿತ್ತು, ಆಸ್ಪತ್ರೆಯವರು ತರಾತುರಿಯಲ್ಲಿ ತೊಡಿಸಿ ಕಳಿಸಿದ ಅಂಗಿ, ಗುಂಡಿಗಳೆಲ್ಲ ತಪ್ಪು ಕಾಜಕ್ಕೆ ಸಿಕ್ಕಿ ಕಾಲರು ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ, ಮನೆ ತುಂಬ ಜನ, ಅಮ್ಮ ಮಂಡಿಯೂರಿದಳು, ಒಂದು ಗುಂಡಿ ನೆಟ್ಟಗೆ ಹಾಕ್ಕೊಳ್ಳೋಕೆ ಬರಲ್ವಲ್ರೀ ನಿಮ್ಗೆ, ದಾರಿ ಉದ್ದಕ್ಕೂ ಹೀಗೇ ಬಂದ್ರಾ, ಎಂದು ಗದರಿ ಎಲ್ಲ ಬಿಚ್ಚಿದಳು, ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಕೊರಳವರೆಗೂ ಬಂದಳು. ಹೊರಗೆ ಚಿಕ್ಕಪ್ಪ, ಆಯ್ತಾ ಅತ್ತಿಗೆ, ಹೊತ್ತಾಯ್ತು, ಎತ್ತೋಣ್ವಾ. ಅಮ್ಮ ಮತ್ತೆ ಎಲ್ಲ ಬಿಚ್ಚಿದಳು. ಸರಿಯಾಗಿಯೇ ಇತ್ತು, ಆದರೂ ಬಿಚ್ಚಿದಳು, ತಲೆ ಕೆಟ್ಟಿದೆ ಅಂದಾರೆಂದು ಮಗಳಿಗೆ ನಾಚಿಕೆಯಾಗಿ, ಯಾವ ಕರಡಿನಲ್ಲೂ ಅದನ್ನು ಬರೆಯಲೇ ಇಲ್ಲ, ಎಂಥ ದಡ್ಡಿ ನಾನು, ಹಾಕಿ ಮುಗಿಸಿದರೆ ಕೊಂಡೊಯ್ಯುತ್ತಾರೆ, ಅದಕ್ಕೇ ಬಿಚ್ಚಿದಳು ನನ್ನಮ್ಮ, ಕಲ್ಲಂತೆ, ಕಲ್ಲು. ಪೆನ್ಸಿಲು ತಾನಾಗಿ ಕೈಗೆ ಬಂದಿದೆ, ಎದೆ ಬಡಿದುಕೊಂಡ ಪುಟಕ್ಕೆ ಅಡ್ಡಗೀಟು, ಅದರ ಮುಂದಿನದಕ್ಕೂ, ಅಯ್ಯೋ ಪೂರ್ತಿ ಹೊಡೀತಿದೀರಲ್ರೀ ಎನ್ನುತ್ತಾಳೆ ವಕೀಲೆ, ಮುಂದಿನ ವಾರ ತಂದ್ರೆ ಸಾಕು ಎನ್ನುತ್ತಾರೆ ಮೇಷ್ಟ್ರು, ಮುಂದಿನ ವಾರವೂ ಬೇಡ ನಾಳೆಯೂ ಬೇಡ, ಇಲ್ಲೇ, ಈಗಲೇ, ಹಾಳೆಯ ಬೆನ್ನಿಗೆ, ಕಣ್ಣೀರಿಗೆ ಒಂದು ಪದವನ್ನೂ ಕೊಡುವುದಿಲ್ಲ, ಗುಂಡಿ ಹಾಕಿದಳು, ಬಿಚ್ಚಿದಳು, ಹಾಕಿದಳು, ಎತ್ತೋಣ್ವಾ ಅತ್ತಿಗೆ, ಬಿಚ್ಚಿದಳು, ಹಾಕಿದಳು, ಕೊರಳ ಬಳಿಯ ಗುಂಡಿಯೊಂದೇ ಉಳಿದಿದೆ, ಅಮ್ಮನ ಹೆಬ್ಬೆರಳು ಅದರ ಮೇಲಿದೆ, ಕಾಜದ ಅಂಚಿನಲ್ಲಿ, ಒಳಗೆ ದೂಡುತ್ತಿಲ್ಲ —