ಕಂಬಳಿಗೊಂದು ಗೂಟ

ಹೆಗಲ ಮೇಲಿನ ಕಂಬಳಿಗೆ ಕೊಡುವ ಮರ್ಯಾದೆಯನ್ನು ನಿಮ್ಮ ಹತ್ತು ಬೆರಳುಗಳಿಗೆ ಎಂದಾದರೂ ಕೊಟ್ಟಿದ್ದೀರಾ? ಹರಿಯಬ್ಬೆಯ ಕಾಟಲಿಂಗಪ್ಪನಂತೂ ಕೊಟ್ಟಿರಲಿಲ್ಲ.

ಹಿರಿಯೂರಿನಲ್ಲಿ ಲೋಹಕ್ಕೆ ಹೊಳಪು ಕೊಡುವ ವರ್ಕ್‌ಶಾಪ್ ಯಶೋದಾಳದು. ಪಾತ್ರೆಯಿರಲಿ, ನಲ್ಲಿಯಿರಲಿ, ಮೋಟಾರಿಗೆ ಜೋಡಿಸಿದ ಬಟ್ಟೆಯ ಚಕ್ರಕ್ಕೆ ಒಡ್ಡಿ ಕನ್ನಡಿಯಂತೆ ಮಾಡಿಕೊಡುವವಳು. ಸಡಿಲ ಬಟ್ಟೆ ತೊಟ್ಟವರು ಈ ಬಫಿಂಗ್ ಮಷೀನಿನ ಹತ್ತಿರ ಸುಳಿಯಕೂಡದೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಳು. ಬರೆಸಿದ ಮೇಲೆ ತನ್ನ ಕರ್ತವ್ಯ ಮುಗಿಯಿತೆಂದೂ ನಂಬಿದ್ದಳು.

ಶನಿವಾರ ಬೆಳಿಗ್ಗೆ ಕಾಟಲಿಂಗಪ್ಪ ಹೆಂಡತಿ ದೊಡ್ಡಕ್ಕನೊಡನೆ ಬಂದ. ಕೈಯಲ್ಲಿ ಕಪ್ಪಿಟ್ಟ ಹಿತ್ತಾಳೆ ಗಂಟೆ, ಹೆಗಲ ಮೇಲೆ ಕರಿಕಂಬಳಿ. ಸೋಮವಾರದ ಪೂಜೆಯೊಳಗೆ ಗಂಟೆ ಹೊಳೆಯಬೇಕಿತ್ತು. ಆದರೆ ದೇವರ ಗಂಟೆಯನ್ನು ಅವರ ಮನೆತನದ ಕೈಯಲ್ಲದೆ ಬೇರೆ ಕೈ ಬೆಳಗುವಂತಿರಲಿಲ್ಲ.

“ಮಷೀನು ನಿಂದು, ಕೈ ನಂದು. ಅಷ್ಟೇ ಕಣವ್ವ.”

“ಆಗ್ಲಿ ಯಜಮಾನ್ರೇ, ಹೇಳಿಕೊಡ್ತೀನಿ. ಮೊದ್ಲು ಆ ಕಂಬಳಿ ತೆಗೀರಿ.”

“ಎಲ್ಲಿ ಇಕ್ಲಿ?”

ಯಶೋದಾ ಮೂಲೆಯ ನೆಲ ತೋರಿಸಿದಳು.

“ಚಪ್ಲಿ ತುಳಿಯೋ ಜಾಗದಾಗಾ? ಇದು ದೇವ್ರಿಗೆ ಹಾಸೋ ಕಂಬಳಿ ಕಣವ್ವ.”

ದೊಡ್ಡಕ್ಕ ನಕ್ಕಳು. “ಮದುವೇಲೂ ಬಿಡ್ಲಿಲ್ಲ ಈ ಮನುಷ್ಯ. ತಾಳಿ ಕಟ್ಟಿದ್ದು ನಂಗೋ ಕಂಬಳಿಗೋ ಅಂತ ಇವತ್ತಿಗೂ ಅನುಮಾನ ಐತೆ.”

ಕಂಬಳಿ ತೆಗೆಯದೆ ಸ್ವಿಚ್ ಮುಟ್ಟಕೂಡದೆಂದು ಖಂಡಿತವಾಗಿ ಹೇಳಿ, ಕಣ್ಣಿಗೆ ಹಾಕುವ ಕನ್ನಡಕ ತರಲು ಯಶೋದಾ ಒಳಗೆ ಹೋದಳು. ಐವತ್ತು ವರ್ಷ ಕುರಿ ಕಾಯ್ದವನಿಗೆ ಒಂದು ಬಟ್ಟೆಯ ಚಕ್ರ ಯಾವ ಲೆಕ್ಕ? ಕಾಟಲಿಂಗಪ್ಪ ಸ್ವಿಚ್ ಒತ್ತಿ, ಗಂಟೆಯನ್ನು ಚಕ್ರದ ನೆತ್ತಿಗೇ ಹಿಡಿದ.

ಚಕ್ರ ಗಂಟೆಯ ಅಂಚನ್ನು ಕಚ್ಚಿ ಕೈಯಿಂದ ಕಸಿದುಕೊಂಡಿತು. ಗಂಟೆ ಅವನ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನ ತಗಡಿಗೆ ಬಡಿಯಿತು. ಬೆದರಿ ಮುಂದಕ್ಕೆ ಬಾಗಿದವನ ಕಂಬಳಿಯ ಕುಚ್ಚನ್ನೂ ಚಕ್ರ ಸುತ್ತತೊಡಗಿತು. ಯಶೋದಾ ಓಡಿಬರುವಷ್ಟರಲ್ಲಿ ದೊಡ್ಡಕ್ಕ ಪ್ಲಗ್ಗನ್ನೇ ಕಿತ್ತು, ಕುಚ್ಚು ಬಿಡಿಸುತ್ತಿದ್ದಳು.

ಹತ್ತು ಬೆರಳೂ ಇದ್ದವು. ದೊಡ್ಡಕ್ಕ ಎರಡೆರಡು ಸಲ ಎಣಿಸಿದಳು. ಕಾಟಲಿಂಗಪ್ಪನಿಗೆ ಬೆರಳಿನ ಚಿಂತೆಯಿರಲಿಲ್ಲ. ಬಿರುಕು ಬಿಟ್ಟಿದ್ದರೆ ಗಂಟೆ ಪೂಜೆಗೆ ಬಾರದು. ಅದನ್ನೆತ್ತಿ ಆಡಿಸಿದ. ಅಂಚು ಒಂದಿಷ್ಟು ನೆಗ್ಗಿತ್ತು. ಗಂಟೆ ಮಾತ್ರ ಖಣಿಲೆಂದಿತು.

“ದೇವ್ರು ಬೈದ್ರೂ ದನಿ ಚೆಂದಾಗೈತೆ,” ಎಂದು ನಿಟ್ಟುಸಿರಿಟ್ಟ.

ಯಶೋದಾಳ ಸಿಟ್ಟು ನೆತ್ತಿಗೇರಿತ್ತು. “ಗೋಡೆ ಮ್ಯಾಲೆ ಬರ್ದಿರೋದು ಕಾಣಲ್ವೇನ್ರಿ?”

“ಕಾಣ್ತೈತೆ ಬಿಡವ್ವ,” ಎಂದಳು ದೊಡ್ಡಕ್ಕ. “ಸಡಿಲ ಬಟ್ಟೆ ಬ್ಯಾಡ ಅಂತ ಬರ್ದೀಯ. ತೆಗ್ದದ್ದು ಎಲ್ಲಿ ಇಡ್ಬೇಕು ಅಂತ ಬರ್ದೀಯ?”

ಯಶೋದಾ ಗೋಡೆ ನೋಡಿದಳು. ಕ್ಯಾಲೆಂಡರಿಗೆ ಮೊಳೆಯಿತ್ತು, ಅವಳ ಕೈಚೀಲಕ್ಕೆ ಮೊಳೆಯಿತ್ತು. ಬಂದವರ ವಸ್ತ್ರಕ್ಕೆ ಏನೂ ಇರಲಿಲ್ಲ. ಅವಳು ಸುತ್ತಿಗೆ ತಂದು, ಬಾಗಿಲ ಪಕ್ಕದಲ್ಲಿ ತಲೆಯೆತ್ತರಕ್ಕೆ ಗಟ್ಟಿಯಾದ ಗೂಟವೊಂದನ್ನು ಹೊಡೆದಳು. ಕಾಟಲಿಂಗಪ್ಪ ಕಂಬಳಿ ನೇತುಹಾಕಿ, ಅದಕ್ಕೊಮ್ಮೆ ಕೈಮುಗಿದು, ಮಷೀನಿನ ಮುಂದೆ ಬಂದು ನಿಂತ.

ಕನ್ನಡಕ ಏರಿತು, ಮೂಗಿಗೆ ಮಾಸ್ಕು ಬಂತು, ಅಂಗಿಯ ತೋಳು ಮೊಣಕೈ ಮೇಲಕ್ಕೆ ಹೋಯಿತು.

“ಕೈಗೆ ಬಟ್ಟೆ ಸುತ್ತಬ್ಯಾಡ್ರಿ, ಅದನ್ನೂ ಎಳ್ಕಂತೈತೆ. ಎರಡೂ ಕೈಲಿ ಬಿಗಿಯಾಗಿ ಹಿಡ್ಕಳ್ರಿ. ಚಕ್ರದ ನಡುವಿಗಿಂತ ಕೆಳಗೆ ಒಡ್ಡ್ರಿ. ಕಿತ್ಕಂಡ್ರೂ ನೆಲಕ್ಕೆ ಹೋಗ್ತೈತೆ, ಮುಖಕ್ಕೆ ಬರಲ್ಲ. ಅಂಚನ್ನ ಚಕ್ರಕ್ಕೆ ಎದುರು ಕೊಡಬ್ಯಾಡ್ರಿ. ಒತ್ತಬ್ಯಾಡ್ರಿ, ಸವರ್ರಿ.”

“ಕುರಿಮರಿಗೆ ಸವರ್ದಂಗೆ?”

“ಹಂಗೇಯ.”

ಮಧ್ಯಾಹ್ನದೊಳಗೆ ಗಂಟೆ ಹೊನ್ನಿನಂತಾಯಿತು. ದೊಡ್ಡಕ್ಕ ಅದರಲ್ಲಿ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ಸೋಮವಾರ ಅದು ಮನೆತನದ ಕೈಯಲ್ಲೇ ಮೊಳಗಿತು, ಹತ್ತೂ ಬೆರಳುಗಳ ಹಿಡಿತದಲ್ಲಿ.

ಗೋಡೆಯ ಮೇಲೆ ನಿಯಮ ಬರೆಸಿ ಕೈತೊಳೆದುಕೊಂಡವರೇ, ನಿಮ್ಮ ಯಂತ್ರದ ಪಕ್ಕದಲ್ಲಿ ಬಂದವರ ಕಂಬಳಿಗೆ, ಟವೆಲ್ಲಿಗೆ, ದುಪಟ್ಟಕ್ಕೆ ಜಾಗವಿದೆಯೇ ಎಂದು ಈಗಲೇ ಎದ್ದು ನೋಡಿ. ಇಲ್ಲವಾದರೆ ಇಂದೇ ಒಂದು ಗೂಟ ಹೊಡೆಯಿರಿ. ಆಮೇಲೆ ಸ್ವಿಚ್ ಒತ್ತಿ.